ಬೋರ್ಡಿನ ಬಿರುದು ಬೇರೆ, ಏಜೆಂಟರ ಅಧಿಕಾರ ಬೇರೆ: ವಿಮೆ ಮಾಡಿಸುವ ಮುನ್ನ ಏನು ನೋಡಬೇಕು?

ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ರದ್ದಾಗಿದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತು ವಿಮಾ ಕಾನೂನುಗಳಿಗೆ ತಿದ್ದುಪಡಿ ಮಾಡಿ, ವಿಮಾ ಕಂಪನಿಗಳಲ್ಲಿ ವಿದೇಶಿ ಬಂಡವಾಳದ ಮಿತಿಯನ್ನು ಶೇ 74ರಿಂದ ಶೇ 100ಕ್ಕೆ ಏರಿಸಿತು. ಅದಕ್ಕೂ ಒಂದು ವರ್ಷ ಮುಂಚೆ, 2024ರ ಡಿಸೆಂಬರ್ 9ರಂದು ಎಲ್‌ಐಸಿಯ ‘ಬಿಮಾ ಸಖಿ’ ಯೋಜನೆ ಶುರುವಾಯಿತು. ಹತ್ತನೇ ತರಗತಿ ಪಾಸಾದ ಮಹಿಳೆಯರಿಗೆ ಮೂರು ವರ್ಷ ತಿಂಗಳ ಭತ್ಯೆ ಕೊಟ್ಟು ಏಜೆಂಟರನ್ನಾಗಿ ತಯಾರು ಮಾಡುವ ಯೋಜನೆ ಅದು.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಪೇಟೆಗಳಿಗೆ ಇದರ ಅರ್ಥ ಒಂದೇ. ಶಿವಮೊಗ್ಗದ ಗಾಂಧಿ ಬಜಾರ್ ಇರಲಿ, ಸಾಗರ, ತೀರ್ಥಹಳ್ಳಿ, ಶಿಕಾರಿಪುರದ ಅಂಗಡಿ ಸಾಲಿರಲಿ, ವಿಮೆ ಹಿಡಿದುಕೊಂಡು ಬರುವವರು ಇನ್ನೂ ಜಾಸ್ತಿ ಆಗ್ತಾರೆ. ಯಾವ ಪಾಲಿಸಿ ಒಳ್ಳೇದು ಅಂತ ನಾವು ಹತ್ತು ಜನರನ್ನು ಕೇಳುತ್ತೇವೆ. ಆದರೆ ಮಾರುತ್ತಿರುವ ವ್ಯಕ್ತಿ ಯಾರು, ಅವರನ್ನು ನೇಮಿಸಿದ್ದು ಯಾರು, ಅವರಿಗಿರುವ ಅಧಿಕಾರ ಎಷ್ಟು ಅಂತ ಕೇಳುವವರು ಕಡಿಮೆ. ಪರಿಚಯದವರು, ನೆಂಟರು, ದಿನಾ ಅಂಗಡಿಗೆ ಬರುವವರು ಅನ್ನೋದೇ ಅರ್ಹತಾಪತ್ರ ಆಗಿಬಿಟ್ಟಿದೆ. ಕ್ಲೇಮ್ ಬಂದ ದಿನ ಪರಿಚಯ ಸಾಕಾಗಲ್ಲ, ಕಾಗದ ಬೇಕಾಗುತ್ತದೆ.

‘ಸರ್ಕಾರದ ಲೈಸೆನ್ಸ್ ಇದೆ’ ಎಂಬ ಮಾತು

ಏಜೆಂಟರಲ್ಲಿ ಬಹಳ ಮಂದಿ ‘ನಂದು ಐಆರ್‌ಡಿಎಐ ಲೈಸೆನ್ಸ್’ ಅನ್ನುತ್ತಾರೆ. ಐಆರ್‌ಡಿಎಐ ಅಂದರೆ ವಿಮಾ ಕ್ಷೇತ್ರವನ್ನು ನಿಯಂತ್ರಿಸುವ ಕೇಂದ್ರದ ಪ್ರಾಧಿಕಾರ, ಹೈದರಾಬಾದ್‌ನಲ್ಲಿದೆ. ಹಿಂದೆ ಏಜೆಂಟರಿಗೆ ಪ್ರಾಧಿಕಾರದ ಹೆಸರಿನಲ್ಲೇ ಲೈಸೆನ್ಸ್ ಬರುತ್ತಿತ್ತು. 2015ರ ಕಾನೂನು ತಿದ್ದುಪಡಿ ಮತ್ತು ಅದರ ಬೆನ್ನಿಗೆ ಬಂದ 2016ರ ನಿಯಮಗಳ ನಂತರ ಆ ಪದ್ಧತಿ ಇಲ್ಲ. ಈಗ ಏಜೆಂಟರನ್ನು ನೇಮಿಸುವುದು ವಿಮಾ ಕಂಪನಿಯೇ. ನೇಮಕಾತಿ ಪತ್ರ, ಏಜೆನ್ಸಿ ಕೋಡ್, ಗುರುತಿನ ಚೀಟಿ ಎಲ್ಲವನ್ನೂ ಕೊಡುವುದು ಕಂಪನಿ. ಕಂಪನಿ ಬೇಡ ಅಂದರೆ ಆ ನೇಮಕಾತಿ ನಿಲ್ಲುತ್ತದೆ. ಚೀಟಿ ಮಾತ್ರ ಜೇಬಿನಲ್ಲೇ ಉಳಿದಿರಬಹುದು.

ನೇಮಕಕ್ಕೆ ಮುಂಚೆ ಒಂದು ಪರೀಕ್ಷೆ ಇರುತ್ತದೆ. ಐಸಿ-38 ಅಂತ ಅದರ ಹೆಸರು. ಒಂದು ಗಂಟೆ, 50 ಪ್ರಶ್ನೆ, ಪಾಸಾಗಲು ಶೇ 35 ಅಂಕ. ಕಂಪ್ಯೂಟರ್ ಮುಂದೆ ಕೂತು ಉತ್ತರ ಒತ್ತುವ ಪರೀಕ್ಷೆ. ಇದನ್ನು ಕಡಿಮೆ ಅನ್ನುತ್ತಿಲ್ಲ. ಆದರೆ ಇದು ವಿಮೆ ಮಾರಲು ಬೇಕಾದ ಕನಿಷ್ಠ ಅರ್ಹತೆ, ಅಷ್ಟೇ. ನಿಮ್ಮ ಅಂಗಡಿಯ ದಾಸ್ತಾನಿಗೆ ಎಷ್ಟು ಮೊತ್ತದ ವಿಮೆ ಬೇಕು ಅನ್ನುವ ಲೆಕ್ಕ ಅವರಿಗೆ ಬರುತ್ತದೆ ಅಂತ ಈ ಪಾಸು ಹೇಳುವುದಿಲ್ಲ.

ಇನ್ನೊಂದು ಮುಖ್ಯ ಮಿತಿ: ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಗೆ ಕೆಲಸ ಮಾಡಬಹುದು. ಎರಡು ಜೀವ ವಿಮಾ ಕಂಪನಿಗೆ ಒಬ್ಬರೇ ಏಜೆಂಟ್ ಆಗುವಂತಿಲ್ಲ. ಹಾಗಾಗಿ ‘ಎಲ್ಲಾ ಕಂಪನಿದೂ ಮಾಡಿಸ್ತೀನಿ, ನಿಮಗೆ ಯಾವುದು ಬೇಕು ಹೇಳಿ’ ಅಂತ ಯಾರಾದರೂ ಅಂದರೆ, ಅವರು ಮಾಮೂಲಿ ಏಜೆಂಟ್ ಅಲ್ಲ. ಹಾಗಾದರೆ ಯಾರು ಅನ್ನೋದೇ ಮೊದಲ ಪ್ರಶ್ನೆ.

ನಾಲ್ಕು ಥರದ ಮಾರಾಟಗಾರರು

ಮೊದಲನೆಯವರು ಮೇಲೆ ಹೇಳಿದ ಏಜೆಂಟರು. ಕಾನೂನಿನ ಕಣ್ಣಲ್ಲಿ ಇವರು ಕಂಪನಿಯ ಕಡೆಯವರು.

ಎರಡನೆಯವರು ಬ್ರೋಕರ್. ಇವರಿಗೆ ಐಆರ್‌ಡಿಎಐನಿಂದಲೇ ನೋಂದಣಿ ಇರಬೇಕು. ಹಲವು ಕಂಪನಿಗಳ ಪಾಲಿಸಿ ತೋರಿಸಬಹುದು. ಗ್ರಾಹಕರ ಪರವಾಗಿ ಕೆಲಸ ಮಾಡಬೇಕಾದವರು ಇವರು.

ಮೂರನೆಯದು ಕಾರ್ಪೊರೇಟ್ ಏಜೆಂಟ್. ನಮ್ಮ ಊರಿನಲ್ಲಿ ಇದಕ್ಕೆ ಬ್ಯಾಂಕ್ ಅಂತ ಓದಿಕೊಳ್ಳಿ. ಜೀವ, ಸಾಮಾನ್ಯ, ಆರೋಗ್ಯ ಈ ಒಂದೊಂದು ವಿಭಾಗದಲ್ಲಿ 9 ಕಂಪನಿಗಳವರೆಗೂ ಒಪ್ಪಂದ ಮಾಡಿಕೊಳ್ಳಲು ಅವಕಾಶ ಇದೆ. ಆದರೆ ಬ್ಯಾಂಕಿನಲ್ಲಿ ಕೂತವರೆಲ್ಲ ವಿಮೆ ಮಾರುವಂತಿಲ್ಲ. ಅದಕ್ಕೆ ತರಬೇತಿ ಪಡೆದು ಪರೀಕ್ಷೆ ಪಾಸಾದ, ಪ್ರಮಾಣಪತ್ರ ಇರುವ ಸಿಬ್ಬಂದಿಯೇ ಬೇಕು. ಸಾಲ ಕೇಳಲು ಹೋದಾಗ ‘ಈ ಕಂಪನಿಯದೇ ತಗೊಳ್ಳಿ, ಇಲ್ಲಾಂದ್ರೆ ಫೈಲ್ ಮುಂದಕ್ಕೆ ಹೋಗಲ್ಲ’ ಅಂತ ಬಲವಂತ ಮಾಡುವ ಹಾಗಿಲ್ಲ. ಬ್ಯಾಂಕುಗಳು ವಿಮೆಯನ್ನು ತಪ್ಪಾಗಿ ಮಾರುತ್ತಿರುವುದರ ಬಗ್ಗೆ 2024ರ ನವೆಂಬರ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಬ್ಯಾಂಕ್ ಅಧಿಕಾರಿಗಳ ಎದುರು ಎಚ್ಚರಿಕೆಯ ಮಾತಾಡಿದ್ದರು.

ನಾಲ್ಕನೆಯವರು ಪಿಒಎಸ್‌ಪಿ, ಅಂದರೆ ಪಾಯಿಂಟ್ ಆಫ್ ಸೇಲ್ಸ್ ಪರ್ಸನ್. ಹತ್ತನೇ ತರಗತಿ ಪಾಸು, 15 ಗಂಟೆ ತರಬೇತಿ, ಒಂದು ಪರೀಕ್ಷೆ. ಶೋರೂಮಿನಲ್ಲಿ, ಆನ್‌ಲೈನ್ ಸೇವೆ ಕೊಡುವ ಅಂಗಡಿಯಲ್ಲಿ ಬೈಕ್ ಇನ್ಶೂರೆನ್ಸ್ ಮಾಡಿಸಿಕೊಡುವವರಲ್ಲಿ ಬಹಳ ಜನ ಇವರೇ. ಮೊದಲೇ ಷರತ್ತು ನಿಗದಿಯಾದ ಸರಳ ಪಾಲಿಸಿಗಳನ್ನು ಮಾತ್ರ ಇವರು ಮಾರಬಹುದು. ಬೈಕ್ ವಿಮೆಗೆ ಇವರು ಸಾಕು. ಮನೆಯ ದುಡಿಯುವವರ ಹೆಸರಿಗೆ ದೊಡ್ಡ ಮೊತ್ತದ ಪಾಲಿಸಿ ಬೇಕು ಅಂದಾಗ ಇವರ ವ್ಯಾಪ್ತಿ ಎಷ್ಟು ಅಂತ ಕೇಳಿಯೇ ಮುಂದುವರಿಯಿರಿ.

ನಾಲ್ವರಲ್ಲಿ ಯಾರು ಮೇಲು ಯಾರು ಕೀಳು ಅಂತ ಇಲ್ಲ. ಆದರೆ ನಿಮ್ಮ ಎದುರು ಕೂತವರು ಇವರಲ್ಲಿ ಯಾರು ಅಂತ ಗೊತ್ತಿರಬೇಕು. ನಾಲ್ವರಲ್ಲಿ ಯಾರೂ ಅಲ್ಲ ಅಂತಾದರೆ ಅಲ್ಲಿಗೇ ಮಾತು ನಿಲ್ಲಿಸಿ.

ಬಿರುದುಗಳು ಏನು ಹೇಳುತ್ತವೆ, ಏನು ಹೇಳಲ್ಲ

ವಿಸಿಟಿಂಗ್ ಕಾರ್ಡಿನಲ್ಲಿ, ಆಫೀಸಿನ ಬೋರ್ಡಿನಲ್ಲಿ ಎಂಡಿಆರ್‌ಟಿ ಅಂತ ಬರೆದಿರುವುದನ್ನು ನೋಡಿರುತ್ತೀರಿ. ಮಿಲಿಯನ್ ಡಾಲರ್ ರೌಂಡ್ ಟೇಬಲ್ ಅನ್ನೋದು 1927ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಘ. ಒಂದು ವರ್ಷದಲ್ಲಿ ಇಂತಿಷ್ಟು ಕಮಿಷನ್, ಪ್ರೀಮಿಯಂ ಅಥವಾ ಆದಾಯ ದಾಟಿದವರಿಗೆ ಸದಸ್ಯತ್ವ ಸಿಗುತ್ತದೆ. ಅದರ ಮೂರು ಪಟ್ಟು ಮಾಡಿದವರಿಗೆ ‘ಕೋರ್ಟ್ ಆಫ್ ದಿ ಟೇಬಲ್’, ಆರು ಪಟ್ಟು ಮಾಡಿದವರಿಗೆ ‘ಟಾಪ್ ಆಫ್ ದಿ ಟೇಬಲ್’. ಇದು ಓದಿ ಪಡೆಯುವ ಪದವಿ ಅಲ್ಲ. ಶ್ರಮ ಇಲ್ಲದೆ ಸಿಗುವಂಥದ್ದೂ ಅಲ್ಲ. ಆದರೆ ಅದು ಅಳೆಯುವುದು ಮುಖ್ಯವಾಗಿ ಮಾರಾಟವನ್ನು.

ಎಲ್‌ಐಸಿಯ ಕ್ಲಬ್ ಸದಸ್ಯತ್ವಗಳೂ ಹೀಗೇ. ಬ್ರಾಂಚ್ ಮ್ಯಾನೇಜರ್ ಕ್ಲಬ್‌ನಿಂದ ಚೇರ್ಮನ್ ಕ್ಲಬ್‌ವರೆಗೆ ಮೆಟ್ಟಿಲುಗಳಿವೆ, ಎಲ್ಲವೂ ವ್ಯವಹಾರದ ಲೆಕ್ಕದ ಮೇಲೆ. ಇವುಗಳಲ್ಲಿ ಒಂದು ಒಳ್ಳೆಯ ಅಂಶ ಇದೆ: ಹೊಸ ಪಾಲಿಸಿ ಎಷ್ಟು ಅನ್ನುವುದರ ಜೊತೆಗೆ ಹಳೆಯ ಪಾಲಿಸಿಗಳ ಕಂತು ಬರುತ್ತಿದೆಯೇ ಎಂಬ ಲೆಕ್ಕವೂ ಸೇರುತ್ತದೆ. ಗ್ರಾಹಕರಿಗೆ ಬೇಕಾದ ಲೆಕ್ಕ ಅದು. ಮಾಡಿಸಿದ ಪಾಲಿಸಿ ಎರಡನೇ ವರ್ಷಕ್ಕೇ ನಿಂತುಹೋಗುತ್ತಿದೆ ಅಂದರೆ, ಜನರ ಕೈಲಾಗದಷ್ಟು ಕಂತನ್ನು ಅವರ ತಲೆಗೆ ಕಟ್ಟಲಾಗಿದೆ ಅಂತಲೇ ಬಹುತೇಕ ಅರ್ಥ. ಹಾಗಾಗಿ ‘ನೀವು ಮಾಡಿಸಿದವರಲ್ಲಿ ಐದು ವರ್ಷ ಆದ ಮೇಲೂ ಎಷ್ಟು ಜನ ಕಟ್ತಾ ಇದ್ದಾರೆ?’ ಅಂತ ಕೇಳಿ. ನಿಜವಾಗಿ ಕೆಲಸ ಮಾಡುವ ಏಜೆಂಟರಿಗೆ ಇದು ಬೇಸರದ ಪ್ರಶ್ನೆಯಲ್ಲ.

ಓದಿ ಪಡೆಯುವ ಅರ್ಹತೆಗಳು ಬೇರೆಯೇ ಇವೆ. 1955ರಲ್ಲಿ ಸ್ಥಾಪನೆಯಾದ, ಮುಂಬೈನಲ್ಲಿರುವ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ನಡೆಸುವ ಲೈಸೆನ್ಶಿಯೇಟ್, ಅಸೋಸಿಯೇಟ್, ಫೆಲೋ ಪರೀಕ್ಷೆಗಳು ವಿಮೆಯ ಜ್ಞಾನವನ್ನೇ ಪರೀಕ್ಷಿಸುತ್ತವೆ. ಹೆಸರಿನ ಮುಂದೆ ಇವು ಇದ್ದರೆ ಅವರು ಪುಸ್ತಕ ತೆರೆದು ಕೂತವರು ಅಂತ ನಂಬಬಹುದು. ಇವು ಇಲ್ಲದೆಯೂ ಮೂವತ್ತು ವರ್ಷ ಜನರ ಕ್ಲೇಮ್‌ಗಾಗಿ ಬ್ರಾಂಚ್ ಮೆಟ್ಟಿಲು ಹತ್ತಿ ಇಳಿದ ಏಜೆಂಟರು ನಮ್ಮ ತಾಲೂಕುಗಳಲ್ಲಿ ಇದ್ದಾರೆ ಅನ್ನೋದೂ ಸತ್ಯ.

ದುಡ್ಡು ಯಾರ ಕೈಗೆ?

ನಮ್ಮ ಕಡೆ ಅಂಗಡಿಯವರಿಗೆ ಪಿಗ್ಮಿ ಹಳೆಯ ಅಭ್ಯಾಸ. ಸಂಜೆ ಬರುತ್ತಾರೆ, ನೂರೋ ಇನ್ನೂರೋ ತಗೊಳ್ತಾರೆ, ಚೀಟಿ ಕೊಡ್ತಾರೆ, ಹೋಗ್ತಾರೆ. ಅದೇ ಅಭ್ಯಾಸದಲ್ಲಿ ವಿಮೆ ಕಂತನ್ನೂ ಏಜೆಂಟರ ಕೈಗೆ ಕೊಡುವವರಿದ್ದಾರೆ. ಪಿಗ್ಮಿ ಸಂಗ್ರಹಕ್ಕೆ ಬ್ಯಾಂಕೋ ಸೊಸೈಟಿಯೋ ಅಧಿಕಾರ ಕೊಟ್ಟಿರುತ್ತದೆ. ಆ ಅಧಿಕಾರ ವಿಮೆಗೆ ಅನ್ವಯಿಸುವುದಿಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ತಿಳಿಯಲು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣ ನೋಡಿ. ಒಬ್ಬರು 1986ರಲ್ಲಿ ಎಲ್‌ಐಸಿ ಪಾಲಿಸಿಗಳನ್ನು ಮಾಡಿಸಿದ್ದರು. 1987ರ ಮಾರ್ಚ್ ಕಂತು ಬಾಕಿ ಉಳಿಯಿತು. ಜೂನ್‌ನಲ್ಲಿ ಏಜೆಂಟ್ ಬಂದು ಆ ಕಂತಿಗೆ ಬೇರರ್ ಚೆಕ್ ಪಡೆದರು. ಚೆಕ್ ನಗದಾಯಿತು, ಆದರೆ ಹಣ ಎಲ್‌ಐಸಿಗೆ ಹೋಗಲಿಲ್ಲ. ಆಗಸ್ಟ್‌ನಲ್ಲಿ ಪಾಲಿಸಿದಾರರು ಅಪಘಾತದಲ್ಲಿ ತೀರಿಕೊಂಡರು. ಮಾರನೇ ದಿನ ಏಜೆಂಟ್ ಹಣ ಕಟ್ಟಿದರು. ಪಾಲಿಸಿ ಆಗಲೇ ನಿಂತುಹೋಗಿದೆ ಅಂತ ಎಲ್‌ಐಸಿ ಹಣ ಕೊಡಲು ಒಪ್ಪಲಿಲ್ಲ. ಕುಟುಂಬ ಕೋರ್ಟಿಗೆ ಹೋಯಿತು. ಕಂತು ಸಂಗ್ರಹಿಸಲು ಏಜೆಂಟರಿಗೆ ಅಧಿಕಾರವೇ ಇರಲಿಲ್ಲ, ಆದ್ದರಿಂದ ಏಜೆಂಟರ ಕೈ ಸೇರಿದ ಹಣ ನಿಗಮದ ಕೈ ಸೇರಿದಂತೆ ಆಗದು ಅಂತ ಕೊನೆಗೆ ಸುಪ್ರೀಂ ಕೋರ್ಟ್ ಹೇಳಿತು. ಪಾಲಿಸಿದಾರರು ಹಣ ಕೊಟ್ಟಿದ್ದರು. ಕೊಟ್ಟ ಕೈ ಮಾತ್ರ ತಪ್ಪಾಗಿತ್ತು.

ಈಗ ಕೆಲವು ಎಲ್‌ಐಸಿ ಏಜೆಂಟರಿಗೆ ಕಂತು ಕಟ್ಟಿಸಿಕೊಳ್ಳುವ ಪ್ರತ್ಯೇಕ ಅಧಿಕಾರ ಇದೆ. ‘ಪ್ರೀಮಿಯಂ ಪಾಯಿಂಟ್’ ಅಂತ ಬೋರ್ಡ್ ಹಾಕಿರುತ್ತಾರೆ, ಕಟ್ಟಿದ ಕೂಡಲೇ ಕಂಪ್ಯೂಟರಿನಿಂದ ರಸೀದಿ ತೆಗೆದುಕೊಡುತ್ತಾರೆ. ಎಲ್ಲ ಏಜೆಂಟರಿಗೂ ಆ ಅಧಿಕಾರ ಇಲ್ಲ. ಬೇರೆ ಕಂಪನಿಗಳ ಪಾಲಿಸಿಯಲ್ಲಿ ಏಜೆಂಟ್ ಕಂತು ಪಡೆದರೆ, ರಜಾದಿನ ಬಿಟ್ಟು 24 ಗಂಟೆಯೊಳಗೆ, ತನ್ನ ಕಮಿಷನ್ ಮುರಿದುಕೊಳ್ಳದೆ, ಪೂರ್ತಿ ಹಣವನ್ನು ಕಂಪನಿಗೆ ಕಟ್ಟಬೇಕು ಅಂತ 1938ರ ವಿಮಾ ಕಾಯ್ದೆ ಹೇಳುತ್ತದೆ. ಹಣ ಕಂಪನಿಗೆ ಸಲ್ಲದೆ ವಿಮೆ ಶುರುವಾಗುವುದೇ ಇಲ್ಲ. ಇಷ್ಟೆಲ್ಲ ನೆನಪಿಡುವುದು ಕಷ್ಟ ಅಂದರೆ ಒಂದೇ ನಿಯಮ ಸಾಕು: ಚೆಕ್ ಬರೆದರೆ ಕಂಪನಿ ಹೆಸರಿಗೆ, ಯುಪಿಐ ಮಾಡಿದರೆ ಕಂಪನಿ ಖಾತೆಗೆ. ಏಜೆಂಟರ ಸ್ವಂತ ನಂಬರಿಗೆ ಫೋನ್‌ಪೇ, ಗೂಗಲ್‌ಪೇ ಬೇಡ.

ಕೋಡ್ ಒಬ್ಬರದ್ದು, ಓಡಾಟ ಇನ್ನೊಬ್ಬರದ್ದು

ತಾಲೂಕು ಮಟ್ಟದಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಮಾತಾಡದ ಸಂಗತಿ ಇದು. ಏಜೆನ್ಸಿ ಹೆಂಡತಿ ಹೆಸರಲ್ಲಿ, ವ್ಯವಹಾರ ಪೂರಾ ಗಂಡನದ್ದು. ಗಂಡ ಬೇರೆ ನೌಕರಿಯಲ್ಲಿರುತ್ತಾನೆ, ಅಥವಾ ಬೇರೆ ಕಂಪನಿಯ ಏಜೆನ್ಸಿ ಆಗಲೇ ಇರುತ್ತದೆ. ಪಾಲಿಸಿ ಸರಿಯಾಗಿ ನಡೆಯುವವರೆಗೆ ಇದರಿಂದ ತೊಂದರೆ ಕಾಣಿಸಲ್ಲ. ತಕರಾರು ಬಂದಾಗ ಮಾತ್ರ, ನಿಮಗೆ ವಿವರಿಸಿದವರು, ಫಾರಂ ತುಂಬಿದವರು, ‘ಎಲ್ಲಾ ಕವರ್ ಆಗುತ್ತೆ’ ಅಂದವರು ಕಾಗದದ ಮೇಲೆ ಎಲ್ಲೂ ಇರುವುದಿಲ್ಲ. ದೂರು ಕೊಡಲು ಹೆಸರೇ ಸಿಗಲ್ಲ.

ಬಿಮಾ ಸಖಿಯಂಥ ಯೋಜನೆಯಲ್ಲಿ ಹೊಸದಾಗಿ ಬರುವ ಹೆಣ್ಣುಮಕ್ಕಳ ವಿಷಯದಲ್ಲೂ ಈ ಮಾತು ಸಲ್ಲುತ್ತದೆ. ಕೋಡ್ ಅವರದ್ದಾದರೆ ಎದುರು ಕೂತು ವಿವರಿಸುವವರೂ ಅವರೇ ಆಗಬೇಕು. ಹೊಸಬರು ಅನ್ನೋ ಕಾರಣಕ್ಕೆ ಅವರನ್ನು ದೂರ ಇಡಬೇಕಿಲ್ಲ. ಗುರುತಿನ ಚೀಟಿ ಕೇಳಿ, ಪ್ರಶ್ನೆ ಕೇಳಿ, ಉತ್ತರ ಗೊತ್ತಿಲ್ಲದಿದ್ದರೆ ಬ್ರಾಂಚಿನಲ್ಲಿ ಕೇಳಿಕೊಂಡು ಬನ್ನಿ ಅನ್ನಿ. ‘ಗೊತ್ತಿಲ್ಲ, ಕೇಳಿ ಹೇಳ್ತೀನಿ’ ಅನ್ನುವವರು ನಂಬಬಹುದಾದವರು.

ಪರಿಶೀಲನೆ ಕಷ್ಟದ್ದಲ್ಲ. ಕೇಳಿದಾಗ ಗುರುತಿನ ಚೀಟಿ ತೋರಿಸುವುದು ಏಜೆಂಟರ ನೀತಿ ಸಂಹಿತೆಯಲ್ಲೇ ಇರುವ ಕರ್ತವ್ಯ. ಐಆರ್‌ಡಿಎಐನ ಏಜೆನ್ಸಿ ಪೋರ್ಟಲ್‌ನಲ್ಲಿ ಏಜೆಂಟರ ವಿವರವನ್ನು ಯಾರು ಬೇಕಾದರೂ ಹುಡುಕಬಹುದು. ಇಂಟರ್ನೆಟ್ ಗೊಡವೆ ಬೇಡ ಅನ್ನುವವರು ಕಂಪನಿಯ ಬ್ರಾಂಚಿಗೆ ಫೋನ್ ಮಾಡಿ, ಕೋಡ್ ನಂಬರ್ ಹೇಳಿ, ಚಾಲ್ತಿಯಲ್ಲಿದೆಯಾ ಅಂತ ಕೇಳಿದರೆ ಸಾಕು. ಫೋನಿನಲ್ಲಿ ‘ಐಆರ್‌ಡಿಎಐನಿಂದ ಮಾತಾಡ್ತಿದ್ದೀವಿ, ನಿಮ್ಮ ಹಳೆ ಪಾಲಿಸಿಗೆ ಬೋನಸ್ ಬಂದಿದೆ’ ಅಂದರೆ ಅದು ಮೋಸ. ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಘೋಷಿಸುವುದಿಲ್ಲ.

ಅಂಗಡಿಯವರು ಕೇಳಬೇಕಾದ್ದು

ಚೀಟಿ ಸರಿಯಿದೆ ಅಂತಾಯಿತು. ತಿಳಿವಳಿಕೆ ಇದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ಅಂಗಡಿಗೆ ಬೆಂಕಿ ವಿಮೆ ಮಾಡಿಸುವಾಗ ಕೇಳಿ: ‘ನನ್ನ ಅಂಗಡಿಯಲ್ಲಿ 20 ಲಕ್ಷದ ಮಾಲಿದೆ, 10 ಲಕ್ಷಕ್ಕೆ ವಿಮೆ ಮಾಡಿಸಿದರೆ ಸಾಕಲ್ವಾ?’ ಸಾಕು ಅಂದರೆ ಅವರಿಗೆ ಕೆಲಸ ಗೊತ್ತಿಲ್ಲ. ಅರ್ಧಕ್ಕೆ ವಿಮೆ ಮಾಡಿಸಿದರೆ ನಷ್ಟದಲ್ಲೂ ಅರ್ಧವೇ ಸಿಗುತ್ತದೆ. 4 ಲಕ್ಷದ ಮಾಲು ಸುಟ್ಟರೆ ಕೈಗೆ ಬರುವುದು ಸುಮಾರು 2 ಲಕ್ಷ. ಬ್ಯಾಂಕಿನ ಸಿಸಿ ಸಾಲದ ಮೊತ್ತಕ್ಕೆ ಮಾತ್ರ ವಿಮೆ ಮಾಡಿಸಿ ನಿಶ್ಚಿಂತೆಯಿಂದ ಇರುವವರು ಇದನ್ನು ಗಮನಿಸಬೇಕು. 2021ರ ಏಪ್ರಿಲ್ 1ರಿಂದ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ 5 ಕೋಟಿವರೆಗಿನ ಆಸ್ತಿ ಇರುವ ವ್ಯಾಪಾರಗಳಿಗೆ ಇದೆ. ಅದರಲ್ಲಿ ಶೇ 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕಿಂತ ಕಡಿಮೆ ಮಾಡಿಸಿದರೆ ಕಡಿತ ತಪ್ಪದು.

ಎರಡನೇ ಪ್ರಶ್ನೆ: ‘ರಾತ್ರಿ ಕಳ್ಳತನ ಆದರೆ?’ ಈ ಪಾಲಿಸಿಯಲ್ಲಿ ಬೆಂಕಿ, ಪ್ರವಾಹದಂಥ ಘಟನೆಯಿಂದಾಗಿ ಏಳು ದಿನದೊಳಗೆ ನಡೆದ ಕಳ್ಳತನಕ್ಕೆ ಮಾತ್ರ ರಕ್ಷಣೆ. ಮಾಮೂಲಿ ಷಟರ್ ಒಡೆದ ಕಳ್ಳತನಕ್ಕೆ ಬೇರೆ ವಿಮೆ ಬೇಕು. ಮೂರನೇದು ಜಿಎಸ್‌ಟಿ: ರಿಯಾಯಿತಿ ವೈಯಕ್ತಿಕ ಜೀವ, ಆರೋಗ್ಯ ವಿಮೆಗೆ ಮಾತ್ರ. ಅಂಗಡಿ ವಿಮೆಗೆ ತೆರಿಗೆ ಮುಂದುವರಿದಿದೆ. ಈ ಮೂರಕ್ಕೂ ತಡವರಿಸದೆ ಉತ್ತರ ಕೊಟ್ಟವರು ಬೋರ್ಡಿನಲ್ಲಿ ಬಿರುದು ಇಲ್ಲದಿದ್ದರೂ ಬಲ್ಲವರು.

ಅಲ್ಲೇ ಎದ್ದು ಬರಬೇಕಾದ ಮಾತುಗಳು

‘ಮೊದಲ ಕಂತು ನಾನೇ ಕಟ್ತೀನಿ’ ಅನ್ನೋದು ಉಪಕಾರ ಅಲ್ಲ. ಕಮಿಷನ್ನಿನಲ್ಲಿ ಪಾಲು ಕೊಡುವುದು, ಪಡೆಯುವುದು ಎರಡನ್ನೂ ವಿಮಾ ಕಾಯ್ದೆಯ 41ನೇ ಕಲಂ ನಿಷೇಧಿಸುತ್ತದೆ. ದಂಡ 10 ಲಕ್ಷದವರೆಗೂ ಇದೆ. ಬದಲಿಗೆ ಕಮಿಷನ್ ಎಷ್ಟು ಅಂತ ನೀವೇ ಕೇಳಬಹುದು. ಕೇಳಿದರೆ ಹೇಳಬೇಕಾದ್ದು ಅವರ ಕರ್ತವ್ಯ.

‘ಬಿಪಿ, ಶುಗರ್ ಇರೋದು ಬರೆಯೋದು ಬೇಡ’ ಅನ್ನುವವರು ನಿಮ್ಮ ಮನೆಯವರ ಕ್ಲೇಮನ್ನು ಇವತ್ತೇ ಕೆಡಿಸುತ್ತಿದ್ದಾರೆ. ಜೀವ ವಿಮೆಯಲ್ಲಿ ಮೊದಲ ಮೂರು ವರ್ಷ, ಆರೋಗ್ಯ ವಿಮೆಯಲ್ಲಿ ಮೊದಲ 60 ತಿಂಗಳು, ಮುಚ್ಚಿಟ್ಟ ಕಾಯಿಲೆಯನ್ನು ಕಂಪನಿ ಪ್ರಶ್ನಿಸಬಹುದು. ನಿಜ ಬರೆದರೆ ಹಳೆಯ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕಾಗಬಹುದು, ಅಷ್ಟೇ.

ಖಾಲಿ ಫಾರಂಗೆ ಸಹಿ ಹಾಕಬೇಡಿ ಅನ್ನೋದು ಹಳೆಯ ಬುದ್ಧಿಮಾತು. ಈಗ ಫಾರಂ ಏಜೆಂಟರ ಮೊಬೈಲಿನಲ್ಲೇ ಇರುತ್ತದೆ. ಒಟಿಪಿ ಹೇಳಿದಿರಿ ಅಂದರೆ ಸಹಿ ಹಾಕಿದ ಹಾಗೇ. ಸ್ಕ್ರೀನ್ ಓದಿಸಿಕೊಂಡು ಆಮೇಲೆ ಒಟಿಪಿ ಕೊಡಿ. ಆರೋಗ್ಯ ವಿಮೆಯ ಮುಖ್ಯಾಂಶಗಳ ಪತ್ರವನ್ನು ಕನ್ನಡದಲ್ಲಿ ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ.

‘ಹಳೇ ಪಾಲಿಸಿ ವೇಸ್ಟ್, ನಿಲ್ಲಿಸಿ ಹೊಸದು ಮಾಡಿಸಿ’ ಅನ್ನುವವರ ಬಗ್ಗೆಯೂ ಜಾಗ್ರತೆ. ಹಳೆಯ ಏಜೆಂಟ್ ಕೆಲಸ ಬಿಟ್ಟಿದ್ದರೂ ಪಾಲಿಸಿ ಕಂಪನಿಯದ್ದೇ, ಅದರ ಸೇವೆ ಬ್ರಾಂಚಿನಲ್ಲಿ ಸಿಗುತ್ತದೆ.

ಎಡವಟ್ಟಾದರೆ ದಾರಿ

ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡ ಅನ್ನಿಸಿದರೆ ವಾಪಸ್ ಕೊಡಬಹುದು. ಸಣ್ಣ ಕಡಿತ ಬಿಟ್ಟು ಹಣ ಮರಳುತ್ತದೆ. ದೂರು ಇದ್ದರೆ ಮೊದಲು ಕಂಪನಿಗೆ ಲಿಖಿತವಾಗಿ ಕೊಡಿ. ಪರಿಹಾರ ಆಗದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ ವ್ಯವಸ್ಥೆ ಇದೆ, ಉಚಿತ ಸಂಖ್ಯೆ 155255. ಕಂಪನಿ ತಿರಸ್ಕರಿಸಿದರೆ ಅಥವಾ ತಿಂಗಳಾದರೂ ಉತ್ತರಿಸದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. 50 ಲಕ್ಷದವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಶುಲ್ಕ ಇಲ್ಲ, ವಕೀಲರ ಅಗತ್ಯ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ. ಇವೆಲ್ಲಕ್ಕೂ ಬೇಕಾಗುವುದು ರಸೀದಿ, ಫಾರಂನ ಪ್ರತಿ ಮತ್ತು ಏಜೆಂಟರ ಸರಿಯಾದ ಹೆಸರು, ಕೋಡ್.

ಈ ವಾರ ಒಂದು ಕೆಲಸ ಮಾಡಿ. ಬೀರುವಿನಲ್ಲಿರುವ ಪಾಲಿಸಿ ಪತ್ರಗಳನ್ನು ಹೊರಗೆ ತೆಗೆದು ಮೂರು ಸಂಗತಿ ನೋಡಿ: ಏಜೆಂಟರ ಹೆಸರು ಮತ್ತು ಕೋಡ್ ನಿಮಗೆ ಮಾರಿದವರದ್ದೇನಾ, ಕೊನೆಯ ಕಂತಿನ ರಸೀದಿ ಕಂಪನಿಯದ್ದೇನಾ, ನಾಮಿನಿಯ ಹೆಸರು ಸರಿಯಿದೆಯಾ. ಮೂರರಲ್ಲಿ ಒಂದು ತಾಳೆಯಾಗದಿದ್ದರೂ ಪತ್ರ ಹಿಡಿದು ನೇರ ಬ್ರಾಂಚಿಗೆ ಹೋಗಿ. ಇವತ್ತು ಸರಿಪಡಿಸಿಕೊಳ್ಳಲು ಅರ್ಧ ದಿನ ಸಾಕು. ನಾವು ಇಲ್ಲದ ಮೇಲೆ ಅದನ್ನು ಸರಿಪಡಿಸಲು ಮನೆಯವರು ವರ್ಷಗಟ್ಟಲೆ ಓಡಾಡಬೇಕಾಗುತ್ತದೆ.